ಅನುಸೂಯಕ್ಕನ ಎಡಗಾಲು

ಜೇಜುರಿಯ ಮೆಟ್ಟಿಲ ಮೇಲೆ ಭಾವ ಅಕ್ಕನನ್ನು ಎತ್ತಿಕೊಂಡಾಗ ಸುತ್ತಲಿನ ಜನ ಸಿಳ್ಳೆ ಹೊಡೆದರು. ಹೊಸದಾಗಿ ಮದುವೆಯಾದವರು ಖಂಡೋಬನ ದರ್ಶನಕ್ಕೆ ಬಂದರೆ ಗಂಡ ಹೆಂಡತಿಯನ್ನು ಎತ್ತಿಕೊಂಡು ಐದು ಮೆಟ್ಟಿಲಾದರೂ ಏರಬೇಕು ಎನ್ನುವುದು ಅಲ್ಲಿಯ ಪದ್ಧತಿ. ಭಾವ, ಅಕ್ಕ ಹೊಸದಾಗಿ ಮದುವೆಯಾದವರಲ್ಲ. ಅವರ ಮಗಳು ಮಾಯಾ ಹನ್ನೆರಡನೆಯ ತರಗತಿ. ಅವಳು ಕೆಳಗೆ ನಿಂತು ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದಳು.

"ಪಪ್ಪಾ, ಜೋಳದ ಚೀಲಾ ಅಂತ ತಿಳಕೊಂಡ ಎತ್ತರಿ."

"ಜೋಳದ ಚೀಲಾ ನಗೂದಿಲ್ಲವ," ಎಂದರು ಭಾವ. ಅಕ್ಕ ನಗುತ್ತಿದ್ದಳು.

ಮೂರು ಮೆಟ್ಟಿಲಾಯಿತು. ನಾಲ್ಕನೆಯದರ ಮೇಲೆ ಯಾರೋ ತೂರಿದ್ದ ಭಂಡಾರದ ಅರಿಷಿಣ ನೀರಿನಲ್ಲಿ ಕಲೆತು ರಾಡಿಯಾಗಿತ್ತು. ಭಾವನ ಬರಿಗಾಲು ಜಾರಿತು. ಅವಳ ಮೇಲೆ ಬೀಳಬಾರದೆಂದು ಪಕ್ಕಕ್ಕೆ ಹೊರಳಿದರು. ಕೈ ಸಡಿಲವಾಯಿತು. ಅಕ್ಕ ಎಡಗಾಲು ಮಡಚಿಕೊಂಡು ಕೆಳಗಿನ ಮೆಟ್ಟಿಲಿಗೆ ಬಿದ್ದಳು.

ನಾನು ಈ ಮನೆಯ ಕಿರಿಯ ಸೊಸೆ ಮಾಧುರಿ. ಭಾವನ ತಮ್ಮ ನನ್ನ ಗಂಡ. ಅವರು ತೀರಿಹೋಗಿ ಇದು ಎರಡನೆಯ ವರ್ಷ. ನಾನು ತವರಿಗೆ ಹೋಗಲಿಲ್ಲ. ಹೋಗು ಎಂದು ಇಲ್ಲಿ ಯಾರೂ ಹೇಳಲೂ ಇಲ್ಲ. ಮರಾಠಿ ನಾಡಿನ ಈ ಬಿಬವೇವಾಡಿಯಲ್ಲಿ ಭಾವ ಮಹೇಶಕುಮಾರರದು ಕಿರಾಣಿ ಅಂಗಡಿ. ವಿಜಯಪುರದ ಕಡೆಯ ಬಿಳಿಜೋಳ, ಬ್ಯಾಡಗಿ ಮೆಣಸಿನಕಾಯಿ ಬೇಕೆಂದವರು ದೂರದಿಂದಲೂ ಬರುತ್ತಾರೆ. ಅಕ್ಕ ಎಂದರೆ ನನ್ನ ಓರಗಿತ್ತಿ ಅನುಸೂಯಾ, ವಿಮಾ ಕಚೇರಿಯಲ್ಲಿ ನೌಕರಿಗಿದ್ದಾಳೆ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದವಳು. ಮದುವೆಯಾದ ಮೇಲೆ ಅದರ ಮಾತು ನಿಂತಿತ್ತು. ನಲವತ್ತು ದಾಟಿದ ಮೇಲೆ, ಮನೆಯಲ್ಲಿ ಯಾರಿಗೂ ಹೇಳದೆ, ಟೆರಿಟೋರಿಯಲ್ ಆರ್ಮಿಯ ಪರೀಕ್ಷೆ ಬರೆದಳು. ಇದ್ದ ನೌಕರಿ ಬಿಡದೆ ವರ್ಷಕ್ಕೆ ಒಂದಿಷ್ಟು ಕಾಲ ಸೈನ್ಯದಲ್ಲಿ ಕೆಲಸ ಮಾಡುವ ಪಡೆ ಅದು. ಬರಹದ ಪರೀಕ್ಷೆ ಆಯಿತು, ಸಂದರ್ಶನ ಆಯಿತು, ಮೊದಲ ವೈದ್ಯಕೀಯ ತಪಾಸಣೆಯೂ ಆಯಿತು. ಹೆಂಗಸರಿಗೆ ಇದ್ದ ಜಾಗ ಬೆರಳೆಣಿಕೆಯಷ್ಟು. ಅದರಲ್ಲಿ ಒಂದು ಅಕ್ಕನಿಗೆ ಬಂತು. ಯುಗಾದಿಯ ನಂತರ ತರಬೇತಿಗೆ ಹಾಜರಾಗಬೇಕು. ಹಾಜರಾದ ದಿನ ಅಲ್ಲಿಯ ಡಾಕ್ಟರು ಇನ್ನೊಮ್ಮೆ ನೋಡುತ್ತಾರೆ.

ಆಗ ಅತ್ತೆ ಕಾಶವ್ವ ಜೇಜುರಿಯ ಮಾತು ತೆಗೆದರು. ಭಾವನ ಮದುವೆಯಾದ ವಾರವೇ ಮಾವ ತೀರಿಕೊಂಡಿದ್ದರಿಂದ ಆ ಪದ್ಧತಿ ನಡೆದಿರಲಿಲ್ಲ.

"ದೇವರ ಕೆಲಸಾ ಅರ್ಧಾ ಬಿಟ್ಟ ದಂಡಿಗೆ ಹೋಗ್ತಾಳಂತ. ಮೊದಲ ಅದನ್ನ ಮುಗಸ್ರಿ, ಆಮ್ಯಾಲ ಬೇಕಾದಲ್ಲಿ ಹೋಗ್ರಿ," ಎಂದರು.

ಅತ್ತೆಯ ಒಪ್ಪಿಗೆ ಇಷ್ಟು ಅಗ್ಗಕ್ಕೆ ಸಿಗುತ್ತಿದ್ದರೆ ಯಾಕೆ ಬಿಡಬೇಕು ಎಂದು ಅಕ್ಕ ಹೊರಟಳು. ಹಾಗೆ ಬಿದ್ದಳು.

ಬರುವಾಗ ಸಾಸವಡದಲ್ಲಿ ಅತ್ತೆ ಗಾಡಿ ನಿಲ್ಲಿಸಿದರು. ಕೊಬ್ಬರಿ ಎಣ್ಣೆಯ ಬಾಟಲಿ ಕೊಂಡು, ಚಹಾದ ಗಾಡಿಯವನ ಒಲೆಯ ಮೇಲೆ ಬಿಸಿ ಮಾಡಿಸಿದರು. ಅಕ್ಕನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದರು.

"ಅತ್ತಿ, ಭಾಳ ನೋಯತದರಿ."

"ನೋಯಲಿ. ನೋವ ಹೊರಗ ಬರಬೇಕು. ಮಹೇಶಾ ಸಣ್ಣಾಂವಿದ್ದಾಗ ಗಿಡದಿಂದ ಬಿದ್ದಿದ್ದಾ, ಹಿಂಗ ತಿಕ್ಕೀನಿ, ಮರುದಿನಾ ಮತ್ತ ಗಿಡಾ ಹತ್ತಿದಾ."

ದಿವೆ ಘಾಟ ಇಳಿಯುವ ಹೊತ್ತಿಗೆ ಪಾದ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿತ್ತು. ಅಕ್ಕ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಆಸ್ಪತ್ರೆಯ ಡಾಕ್ಟರು ಕ್ಷ-ಕಿರಣದ ಚಿತ್ರ ನೋಡಿದರು. ಕೀಲಿನ ಎಲುಬು ಬಿರುಕು ಬಿಟ್ಟಿದೆ, ಪಕ್ಕದ ಕಟ್ಟುನಾರು ಹರಿದಿದೆ ಎಂದರು. ಆಮೇಲೆ ಕಾಲು ನೋಡಿ ಮರಾಠಿಯಲ್ಲಿ ಕೇಳಿದರು: "ಇದನ್ನು ತಿಕ್ಕಿದವರು ಯಾರು?"

"ಮೀಚ್," ಎಂದರು ಅತ್ತೆ. ನಾನೇ.

ಡಾಕ್ಟರು ಅತ್ತೆಯ ವಯಸ್ಸು ನೋಡಿದರು. ಪ್ಲಾಸ್ಟರು ಹಾಕಿದರು. ಯಾವಾಗ ಓಡಬಹುದು ಎಂದು ಅಕ್ಕ ಕೇಳಿದಳು. ಮೊದಲು ನಿಲ್ಲುವುದನ್ನು ಕಲಿಯಿರಿ ಎಂದರು.

ಆ ಸಂಜೆ ಎಲ್ಲರೂ ಊಟಕ್ಕೆ ಕುಳಿತರು. ನಾನು ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದೆ. ಅಕ್ಕನ ತಟ್ಟೆಯನ್ನು ಮಂಚಕ್ಕೇ ಕೊಟ್ಟೆ. ಅತ್ತೆ ಮೊದಲು ಬಾಯಿ ತೆರೆದರು. ಖಂಡೋಬ ಅವರ ಬಾಯಲ್ಲಿ ಮಲ್ಲಯ್ಯ.

"ಮಲ್ಲಯ್ಯಗ ಮನಸ್ಸಿಲ್ಲ. ಅವ ಬ್ಯಾಡ ಅಂದಾನ. ತನ್ನ ಪಾವಟಿಗಿ ಮ್ಯಾಲ ಕೆಡವ್ಯಾನ ಅಂದ್ರ ಇನ್ನೇನ ಹೇಳ್ಬೇಕು?"

"ಅತ್ತಿ," ಎಂದಳು ಅಕ್ಕ ಮಂಚದ ಮೇಲಿಂದ, "ಮಲ್ಲಯ್ಯ ತಾನ ಕುದರಿ ಮ್ಯಾಲ ಕತ್ತಿ ಹಿಡಕೊಂಡ ಕೂತಾನ. ಅವ ನನಗ ಬ್ಯಾಡ ಅಂತಾನೇನ್ರಿ?"

"ಬಾಯಿಗೇನ ಪೆಟ್ಟಾಗಿಲ್ಲ ನಿನಗ."

"ಮುಂದಿನ ವರ್ಷ ಹೋದ್ರಾತಲ್ಲ," ಎಂದರು ಭಾವ, ತಟ್ಟೆಯಿಂದ ಮುಖ ಎತ್ತದೆ.

"ಮುಂದಿನ ವರ್ಷ ನನಗ ವಯಸ್ಸ ದಾಟತದರಿ. ನಿಮಗೂ ಗೊತ್ತದ."

ಮಾಯಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಪಪ್ಪಾಗ ಗೊತ್ತದ. ಅದಕ್ಕ ಕೈ ಬಿಟ್ರು."

"ಮಾಯಾ!" ಎಂದಳು ಅಕ್ಕ.

"ಯಾಕ? ಅಂಗಡ್ಯಾಗ ಕ್ವಿಂಟಾಲ್ ಚೀಲಾ ಎತ್ತತಾರ. ಮಮ್ಮಿ ಅದರ ಅರ್ಧನೂ ಇಲ್ಲ. ಬೇಕಂತನ ಬಿಟ್ಟಾರ."

ಅತ್ತೆ ಮೊಮ್ಮಗಳ ಬೆನ್ನಿಗೆ ಒಂದು ಬಾರಿಸಿದರು. ಭಾವ ಉಳಿದ ರೊಟ್ಟಿಯನ್ನು ಪೂರ್ತಿ ತಿಂದು, ತಟ್ಟೆಯಲ್ಲಿ ಕೈ ತೊಳೆದು, ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ಆ ದಿನದಿಂದ ಅವರು ಉಪ್ಪು, ಖಾರ ಎನ್ನದೆ ಹಾಕಿದ್ದನ್ನು ಉಂಡು ಏಳತೊಡಗಿದರು.

ಮರುವಾರ ಅತ್ತೆ ಅಂಟಿನುಂಡೆ ಕಟ್ಟಲು ಕುಳಿತರು. ಅಂಟು, ಉತ್ತುತ್ತಿ, ಕೊಬ್ಬರಿ, ಗಸಗಸೆ, ಬೆಲ್ಲ, ಕೈ ಬಿಟ್ಟು ಹಾಕಿದ ತುಪ್ಪ.

"ಇದು ಬಾಣಂತ್ಯಾರಿಗೆ ಕೊಡೂದಲ್ರಿ?" ಎಂದಳು ಅಕ್ಕ.

"ಮುರದ ಎಲುಬಿಗೂ ಕೊಡ್ತಾರ. ತಿನ್ನು."

"ತೂಕಾ ಏರಿದ್ರೂ ಅಲ್ಲಿ ತಗೊಳ್ಳೂದಿಲ್ರಿ."

"ಯಾವ ಸರ್ಕಾರನವಾ ಇದು? ಸೊಸಿ ಎರಡ ಉಂಡಿ ತಿಂದ್ರ ದೇಶ ಮುಳಗತದೇನ?"

ಅಕ್ಕ ದಿನಕ್ಕೆ ಅರ್ಧ ಉಂಡೆ ತಿಂದಳು. ಉಳಿದರ್ಧ ಮಾಯಾ ತಿಂದಳು. ದೇಶ ಮುಳುಗಲಿಲ್ಲ, ಮಾಯಾಳ ಜೀನ್ಸ್ ಬಿಗಿಯಾಯಿತು.

ಪ್ಲಾಸ್ಟರು ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಅಕ್ಕ ಮಾಡಿದ ಕೆಲಸಗಳನ್ನು ನಾನು ನೋಡಿದ್ದೇನೆ. ಕುಳಿತಲ್ಲೇ ಕಾಯಿಪಲ್ಯ ಹೆಚ್ಚಿದಳು, ಬಟ್ಟೆ ಮಡಚಿದಳು, ಕಚೇರಿಯ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಮುಗಿಸಿದಳು. ನೀರು ತುಂಬಿದ ಎಣ್ಣೆಯ ಕ್ಯಾನುಗಳನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದಳು. ನೆಲದ ಮೇಲೆ ಮಲಗಿ ಬಲಗಾಲು ಎತ್ತಿದಳು, ಆಮೇಲೆ ಪ್ಲಾಸ್ಟರಿನ ಕಾಲನ್ನೂ ಎತ್ತಿದಳು. ನೋವಿನ ಮಾತು ಆಡಲಿಲ್ಲ. ಬೆವರು ಮಾತ್ರ ಹಣೆಯಿಂದ ಕಿವಿಗೆ ಇಳಿಯುತ್ತಿತ್ತು. ಅತ್ತೆ ಅವಳನ್ನು ದಾಟಿಕೊಂಡು ಓಡಾಡುತ್ತ, "ಮನಿ ನಡುವ ಮೊಸಳಿ ಮಲಗಿಧಂಗ ಮಲಗ್ಯಾಳ," ಎನ್ನುತ್ತಿದ್ದರು.

ಸಂಕ್ರಾಂತಿಯ ಅರಿಷಿಣ ಕುಂಕುಮಕ್ಕೆ ಓಣಿಯ ಹೆಂಗಸರು ಬಂದರು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಎದುರುಮನೆಯ ವಹಿನಿ ಮರಾಠಿಯಲ್ಲಿ ಅನ್ನುವುದು ಕೇಳಿಸಿತು: "ಈ ವಯಸ್ಸಿನಲ್ಲಿ ಮಗಳ ಮದುವೆಯ ಸೀರೆ ಆರಿಸಬೇಕು ಅನುಸೂಯಾಬಾಯಿ, ಬಂದೂಕನ್ನಲ್ಲ."

ಅಕ್ಕ ನಗುತ್ತಲೇ ಉತ್ತರ ಕೊಟ್ಟಳು. "ಸೀರೆ ನೀವು ಆರಿಸಿರಿ ವಹಿನಿ. ನಿಮ್ಮ ಆಯ್ಕೆ ಚೆನ್ನಾಗಿರುತ್ತದೆ."

ಅವರೆಲ್ಲ ಹೋದ ಮೇಲೆ ಅತ್ತೆ ಎಳ್ಳುಂಡೆಯ ಡಬ್ಬಿ ಮುಚ್ಚುತ್ತ ಗೊಣಗಿದರು. "ಅಕಿ ಯಾರು ನಮ್ಮ ಮನಿ ಸೊಸಿಗೆ ಬುದ್ಧಿ ಹೇಳಾಕಿ? ನಾ ಇಲ್ಲೇನ ಹೇಳಾಕ?"

ಪ್ಲಾಸ್ಟರು ತೆಗೆದಾಗ ಎಡಗಾಲು ಬಲಗಾಲಿನ ತಂಗಿಯಂತೆ ಕಂಡಿತು. ಮೀನಖಂಡ ಕರಗಿತ್ತು. ಪಾದ ಊರಿದರೆ ನಡುಗುತ್ತಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವವರು ನೆಲದ ಮೇಲೆ ಟಾವೆಲ್ ಹಾಸಿ, ಅದನ್ನು ಕಾಲ್ಬೆರಳಿನಿಂದ ಎಳೆದುಕೊಳ್ಳಿರಿ ಎಂದರು. ಅಕ್ಕ ಎಳೆದಳು. ಒಂದೇ ಕಾಲಿನ ಮೇಲೆ ನಿಲ್ಲಿರಿ ಎಂದರು. ಅಕ್ಕನಿಗೆ ಪ್ರತ್ಯೇಕ ವೇಳೆ ಇರಲಿಲ್ಲ. ಮುಂಜಾನೆ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುವಾಗ ಎಡಗಾಲಿನ ಮೇಲೆ ನಿಲ್ಲತೊಡಗಿದಳು. ಮೊದಲ ವಾರ ರೊಟ್ಟಿಗಳೆಲ್ಲ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಬಂದವು.

"ಇವ್ಯಾವ ನಮೂನಿ ರೊಟ್ಟಿ? ಕುಂಟ ರೊಟ್ಟಿ," ಎಂದರು ಅತ್ತೆ.

"ಇನ್ನ ಎಂಟ ದಿನಾ ತಡೀರಿ, ಚಂದ ಆಗತಾವ."

ಆದವು.

ಆಮೇಲೆ ನಡಿಗೆ. ಮನೆಯಿಂದ ಅಂಗಡಿ, ಅಂಗಡಿಯಿಂದ ಮಾರ್ಕೆಟ್ ಯಾರ್ಡಿನ ಗೇಟು. ಆಮೇಲೆ ತಳಜಾಯಿ ಗುಡ್ಡ. ಕಚೇರಿಗೆ ಹೊರಡುವ ಮೊದಲು ಹೋಗಿ ಬರಬೇಕಾದ್ದರಿಂದ ಬೆಳಕು ಹರಿಯುವಾಗಲೇ ಏಳುತ್ತಿದ್ದಳು. ಒಂದು ದಿನ ಅವಳು ಬೂಟಿನ ಲೇಸು ಕಟ್ಟುತ್ತಿದ್ದಾಗ ಭಾವನೂ ಚಪ್ಪಲಿ ಮೆಟ್ಟಿದರು.

"ನೀವೆಲ್ಲಿಗ್ರಿ?"

"ನಿನ್ನ ಸಂಗಾಟ."

"ಅಂಗಡಿ?"

"ಅಂಗಡಿ ಒಂದ ತಾಸ ತಡದ ತೆರದ್ರ ಜನಾ ಉಪವಾಸ ಸಾಯೂದಿಲ್ಲ."

ಅಕ್ಕ ಕಟ್ಟಿದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು. ನಾನು ಚಹಾ ತಂದು ಕೊಟ್ಟೆ. ಭಾವ ಲೋಟ ಹಿಡಿದುಕೊಂಡು ನಿಂತೇ ಇದ್ದರು.

"ನಾ ಬೇಕಂತ ಬಿಟ್ಟಿಲ್ಲ," ಎಂದರು.

"ನನಗ ಗೊತ್ತರಿ."

"ಪೂರಾ ಕೇಳು. ಬೇಕಂತ ಬಿಟ್ಟಿಲ್ಲ. ಆದರ ಬರೂವಾಗ ಗಾಡ್ಯಾಗ, ನೀ ಒದ್ದಾಡ್ಲಿಕ್ಕೆ ಹತ್ತಿದಾಗ, ಹೆಂಗೂ ಇಕಿ ಇನ್ನ ಹೋಗೂದಿಲ್ಲ ಅಂತ ಅನಿಸ್ತು. ಹಗರ ಆತು ನನಗ. ನಿನ್ನ ಕಾಲ ಮುರದಿತ್ತು, ನನಗ ಹಗರ ಆತು."

ನಾನು ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಅಕ್ಕ ಎದ್ದು ನಿಂತು ಎಡಗಾಲನ್ನು ಒಮ್ಮೆ ನೆಲಕ್ಕೆ ಒತ್ತಿ ನೋಡಿದಳು.

"ಈಗ?"

"ಈಗ ಹಗರ ಇಲ್ಲ."

"ಹಂಗಾರ ನಡೀರಿ. ಬಿಸಲ ಏರತದ."

ಆ ದಿನದಿಂದ ಇಬ್ಬರೂ ಹೋದರು. ಭಾವ ಅಂಗಡಿಯಿಂದ ಜೋಳ ತಂದು ಮಾಯಾಳ ಹಳೆಯ ಶಾಲೆಯ ಬ್ಯಾಗಿಗೆ ತುಂಬಿದರು. ಬೆನ್ನ ಮೇಲೆ ಭಾರ ಹೊತ್ತು ನಡೆಯುವುದನ್ನು ಅಲ್ಲಿ ಕಲಿಸುತ್ತಾರಂತೆ. ವಾರ ವಾರ ಒಂದೊಂದು ಪಡಿ ಹೆಚ್ಚು. ಗುಡ್ಡದ ಕೆಳಗೆ ಭಾವ ನಿಂಬೆಹಣ್ಣಿನ ಪಾನಕ ಹಿಡಿದು ಕೂರುತ್ತಿದ್ದರು. ಅಕ್ಕ ಮೇಲೆ ಹೋಗಿ ಬರುತ್ತಿದ್ದಳು. ಶಿವರಾತ್ರಿಯ ಹೊತ್ತಿಗೆ ನಿಧಾನವಾಗಿ ಓಡತೊಡಗಿದಳು. ಭಾವ ಮನೆಗೆ ಬಂದು ನಮಗೆ ವರದಿ ಒಪ್ಪಿಸುತ್ತಿದ್ದರು. "ಒಬ್ಬ ಹುಡಗ ಹಿಂದ ಬಿದ್ದಾ ಇವತ್ತ. ಇಪ್ಪತ್ತೈದರಾಂವ ಇರಬೇಕು. ಕಿವ್ಯಾಗ ವೈರ್ ಹಾಕ್ಕೊಂಡಿದ್ದಾ. ಅನುಸೂಯಾ ದಾಟಿ ಹೋದಳು."

"ಅವ ನಿಂತಿದ್ದಾರಿ, ಫೋನ್ ಬಂದಿತ್ತು," ಎಂದಳು ಅಕ್ಕ.

"ನಿಂತ್ರೂ ಹಿಂದ ಬಿದ್ಧಂಗ."

ಮಾಯಾ ತಂದೆಯ ಜೊತೆ ಮತ್ತೆ ಮಾತಾಡತೊಡಗಿದ್ದಳು. ಕ್ಷಮೆ ಕೇಳಲಿಲ್ಲ. ಅವರ ಬೈಕಿನ ಮೇಲೆ ಪರೀಕ್ಷೆಗೆ ಹೋಗಿ ಬಂದಳು.

ಹೋಳಿಯಾದ ಮೇಲೆ ತಪ್ಪಾಯಿತು. ಈ ಸಲದ ತಪ್ಪು ಅಕ್ಕನದೇ. ಇನ್ನು ದಿನ ಕಡಿಮೆ ಎಂದು ಒಂದು ಮುಂಜಾನೆ ಚೀಲ ಹೊತ್ತುಕೊಂಡೇ ಗುಡ್ಡದಿಂದ ಓಡಿ ಇಳಿದಳು. ಮಧ್ಯಾಹ್ನಕ್ಕೆ ಕೀಲು ಊದಿತು. ಸಂಜೆ ಕಚೇರಿಯಿಂದ ರಿಕ್ಷಾದಲ್ಲಿ ಬಂದಳು. ಡಾಕ್ಟರು ಈ ಸಲ ಸಿಟ್ಟಾದರು. ಎಲುಬು ಸರಿ ಇದೆ, ಕಟ್ಟುನಾರು ಇನ್ನೂ ಹಸಿ ಇದೆ. ಈಗ ಪೂರ್ತಿ ಸುಮ್ಮನೆ ಕುಳಿತರೆ ಹೋಗಬಹುದು. ಇನ್ನೊಮ್ಮೆ ಹೀಗೆ ಮಾಡಿದರೆ ಹೋಗುವ ಮಾತೇ ಬೇಡ.

ಮನೆಗೆ ಬಂದು ಅಕ್ಕ ಅತ್ತಳು. ಆ ಮೂರು ತಿಂಗಳಲ್ಲಿ ನಾನು ನೋಡಿದ್ದು ಅದೊಂದೇ ಸಲ. ಗೋಡೆಯ ಕಡೆ ಮುಖ ಮಾಡಿಕೊಂಡು, ಸದ್ದಿಲ್ಲದೆ. "ಕೂಡೂದ ನನಗ ಬರೂದಿಲ್ಲ ಮಾಧುರಿ," ಎಂದಳು. "ಬಾಕಿ ಏನ ಹೇಳಿದ್ರೂ ಮಾಡತೇನಿ."

ಮರುದಿನ ಅವಳು ಎದ್ದು ಅಡುಗೆಮನೆಗೆ ಬಂದಾಗ ಬಾಗಿಲಲ್ಲಿ ಅತ್ತೆ ಅಡ್ಡ ಕುಳಿತಿದ್ದರು. ಮುಂದೆ ಮೊರ, ಮೊರದಲ್ಲಿ ಗೋದಿ.

"ಎಲ್ಲಿಗೆ?"

"ಚಹಾ ಇಡ್ತೇನ್ರಿ."

"ಮಾಧುರಿ ಇಡ್ತಾಳ. ಹೋಗ ಕೂಡು."

"ಅತ್ತಿ, ಬರೇ ಚಹಾ…"

"ಕೂಡು ಅಂದ್ನೆಲಾ. ಡಾಕ್ಟರ್ ಕೂಡು ಅಂದಾನ. ಆವತ್ತ ಅವರ ಮಾತ ಕೇಳೂಕಿಂತ ಮೊದಲ ನಾ ಎಣ್ಣಿ ಹಚ್ಚಿ ತಿಕ್ಕಿದ್ನಿ. ನಿನಗ ನೋಯತಿತ್ತು, ನಾ ಬಿಡಲಿಲ್ಲ. ಈಗ ನೀ ಬಿಡವಲ್ಲಿ. ಒಬ್ಬರಕಿಂತ ಒಬ್ಬರು ಶಾಣ್ಯಾರು."

ಅಕ್ಕ ಕುಳಿತಳು. ಅತ್ತೆ ಮೊರವನ್ನು ಅವಳ ಮುಂದೆ ಸರಿಸಿದರು. ಇಬ್ಬರೂ ಎದುರು ಬದುರು ಕುಳಿತು ಗೋದಿ ಹಸನು ಮಾಡಿದರು. ಗೋದಿ ಮುಗಿದ ಮೇಲೆ ತೊಗರಿ, ತೊಗರಿ ಮುಗಿದ ಮೇಲೆ ಭಾವನಿಗೆ ಹೇಳಿ ಅಂಗಡಿಯ ಶೇಂಗಾ ತರಿಸಿದರು. ಅಕ್ಕನ ಕಚೇರಿಗೆ ಅತ್ತೆಯೇ ಫೋನ್ ಮಾಡಿಸಿ ಮರಾಠಿಯಲ್ಲಿ ಹೇಳಿದರು: "ಅನುಸೂಯಾ ಬರುವುದಿಲ್ಲ. ನಾನು ಅವಳ ಅತ್ತೆ ಮಾತಾಡುವುದು. ನಿಮ್ಮ ಕೆಲಸ ಏನಿದ್ದರೂ ಮನೆಗೆ ಕಳಿಸಿರಿ, ಕುಳಿತು ಮಾಡುತ್ತಾಳೆ." ಸ್ನಾನಕ್ಕೆ ಹೊರತು ಅಕ್ಕನನ್ನು ಏಳಗೊಡಲಿಲ್ಲ. ಮಧ್ಯಾಹ್ನ ತಾವು ಅಡ್ಡಾದರೂ ಅದೇ ಬಾಗಿಲಿಗೆ ಅಡ್ಡಲಾಗಿ ಮಲಗಿದರು.

"ಅಜ್ಜಿ, ನೀವ ಬಾರ್ಡರ್‌ಗೆ ಹೋಗ್ರಿ. ಒಂದ ಇರಿವಿನೂ ಒಳಗ ಬರೂದಿಲ್ಲ," ಎಂದಳು ಮಾಯಾ.

"ಹೋಗತಿದ್ನಿ. ನಮ್ಮ ಕಾಲಕ್ಕ ಯಾರ ಕೇಳಿದ್ರು?"

ಮಾಯಾ ನಕ್ಕಳು. ಅತ್ತೆ ನಗಲಿಲ್ಲ. ಶೇಂಗಾ ಸುಲಿಯುತ್ತ ಅಕ್ಕನನ್ನು ಕೇಳಿದರು:

"ಅಲ್ಲಿ ಊಟಕ್ಕೇನ ಕೊಡ್ತಾರ?"

"ಚಪಾತಿ, ಬ್ಯಾಳಿ, ಅನ್ನ ಇರಬೇಕ್ರಿ."

"ರೊಟ್ಟಿ?"

"ರೊಟ್ಟಿ ಎಲ್ಲಿಂದ ಬರಬೇಕ್ರಿ ಅತ್ತಿ."

ಅತ್ತೆ ಮರುದಿನವೇ ಖಡಕ್ ರೊಟ್ಟಿಗೆ ಹಿಟ್ಟು ಬೀಸಿಸಿದರು.

ಊತ ಇಳಿಯಿತು. ಯುಗಾದಿಯ ದಿನ ಬೇವು ಬೆಲ್ಲ ತಿಂದು ಅಕ್ಕ ಓಣಿಯ ತುದಿಯವರೆಗೆ ನಡೆದು ಬಂದಳು. ಆಮೇಲಿನ ವಾರ ಹೊರಟಳು. ಸ್ಟೇಷನ್ನಿನಲ್ಲಿ ಟ್ರಂಕು ಎತ್ತಲು ಭಾವ ಕೈ ಹಾಕಿದರು. ಅಕ್ಕ ಅವರ ಕೈ ಸರಿಸಿ ತಾನೇ ಎತ್ತಿದಳು. ರೈಲು ಹೋದ ಮೇಲೂ ಭಾವ ಪ್ಲಾಟ್‌ಫಾರ್ಮಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದರು. ಅವಳು ಕಾಲು ಊರುವುದನ್ನು ಕೊನೆಯವರೆಗೂ ನೋಡುತ್ತಿದ್ದರಂತೆ. ಎಡಕ್ಕೆ ಸ್ವಲ್ಪ ವಾಲಿದಳು ಅನಿಸಿತು, ನಿನಗೂ ಅನಿಸಿತೇನು ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ನಿಜಕ್ಕೂ ನನಗೆ ಅನಿಸಿರಲಿಲ್ಲ.

ಡಾಕ್ಟರು ನೋಡುವ ದಿನ ಅತ್ತೆ ಮುಂಜಾನೆಯಿಂದ ಏನೂ ತಿನ್ನಲಿಲ್ಲ. ಉಪವಾಸವೇ ಎಂದು ಕೇಳಿದರೆ, ಹಸಿವಿಲ್ಲ ಎಂದರು. ಭಾವ ಸಂಜೆ ಬೇಗ ಅಂಗಡಿ ಮುಚ್ಚಿ ಬಂದರು. ಮಾಯಾ ಫೋನನ್ನು ಊಟದ ಮನೆಯ ನಡುವೆ ಇಟ್ಟು ಅದರ ಸುತ್ತ ಓಡಾಡುತ್ತಿದ್ದಳು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಅದು ಸದ್ದು ಮಾಡಿತು. ಎಲ್ಲರಿಗಿಂತ ಮೊದಲು ಅತ್ತೆ ಎತ್ತಿದರು. ಮಾಯಾ ಸ್ಪೀಕರ್ ಒತ್ತಿದಳು.

"ಅತ್ತಿ, ನಾನ್ರಿ."

"ಏನಂದ್ರು?"

"ಎಡಗಾಲ ಮ್ಯಾಲ ಜಿಗಿ ಅಂದ್ರು ಡಾಕ್ಟರು."

"ಒಂದ ಕಾಲ ಮ್ಯಾಲ? ಕುಂಟಬಿಲ್ಲಿ ಆಡಸ್ತಾರೇನ ಅಲ್ಲಿ?"

"ಹೌದ್ರಿ. ಹಂಗನ."

"ಜಿಗದಿ?"

"ಜಿಗದೆ. ಸಾಕು ಅಂದ್ರು. ಕೇಳಿಸ್ಲಿಲ್ಲ ನನಗ, ಇನ್ನೊಂದೆರಡ ಜಿಗದೆ."

"ಮತ್ತ?"

"ಮತ್ತೇನಿಲ್ರಿ. ಮುಂದಿನವರನ್ನ ಕಳಸು ಅಂದ್ರು."

"ಅಷ್ಟ?"

"ಅಷ್ಟರಿ. ನಾಳಿಂದ ಓಟ ಚಾಲೂ."

ಅತ್ತೆ ಫೋನನ್ನು ದೂರ ಹಿಡಿದು ಒಮ್ಮೆ ನೋಡಿದರು, ಮತ್ತೆ ಬಾಯಿಯ ಹತ್ತಿರ ತಂದರು. "ರೊಟ್ಟಿ ಗಂಟ ಬಿಚ್ಚು. ಒಬ್ಬಾಕಿನ ತಿನ್ನಬ್ಯಾಡ, ಬಾಜೂಕಿನವರಿಗೂ ಕೊಡು. ಇಡ್ತೇನಿ." ಭಾವನಿಗೆ ಕೊಡದೆ ಇಟ್ಟೇ ಬಿಟ್ಟರು. ಮಾಯಾ ಕಿರುಚಿ, ಮತ್ತೆ ಹಚ್ಚಿ, ತಂದೆಯ ಕೈಗೆ ಕೊಟ್ಟಳು. ಭಾವ ಫೋನು ಕಿವಿಗೆ ಒತ್ತಿಕೊಂಡು ಕಟ್ಟೆಗೆ ಹೋದರು. ಅಲ್ಲಿ ಅವರು ಆಡಿದ್ದು ನಮಗೆ ಕೇಳಿಸಲಿಲ್ಲ. ಹೂಂ, ಹೂಂ ಅನ್ನುವುದಷ್ಟೇ ಕೇಳಿಸಿತು.

ಬಂದು ಊಟಕ್ಕೆ ಕುಳಿತರು. ನಾನು ಅನ್ನ ಬಡಿಸಿ ಸಾರು ಹಾಕಿದೆ. ಅತ್ತೆ ಆಗಲೇ ಎರಡನೆಯ ರೊಟ್ಟಿ ಮುರಿಯುತ್ತಿದ್ದರು. ಭಾವ ಒಂದು ತುತ್ತು ಬಾಯಿಗಿಟ್ಟು, ನುಂಗಿ, ನನ್ನ ಕಡೆ ನೋಡಿದರು.

"ಮಾಧುರಿ, ಸಾರಿಗೆ ಉಪ್ಪ ಕಡಿಮಿ ಆಗ್ಯದಲ್ಲವಾ."

"ಎದ್ದ ಹಾಕ್ಕೊ," ಎಂದರು ಅತ್ತೆ. "ಡಬ್ಬಿ ಎಲ್ಲದ ಗೊತ್ತದಲ್ಲ ನಿನಗ?"

ಗೊತ್ತಿರಲಿಲ್ಲ. ಎರಡು ಡಬ್ಬಿ ತೆರೆದು ನೋಡಿ, ಮೂರನೆಯದರಲ್ಲಿ ಸಿಕ್ಕಿತು. ತಮಗೆ ಹಾಕಿಕೊಂಡು, ನಮ್ಮ ತಟ್ಟೆಗಳಿಗೂ ಒಂದೊಂದು ಚಿಟಿಕೆ ಹಾಕಿದರು.